ಅಕ್ಕಿಕಾಳಿನಷ್ಟು ದಾರಿ

ಅಕ್ಟೋಬರ್ 6

ಇವತ್ತು ಇಪ್ಪತ್ನಾಲ್ಕು ಹಾಳೆಗಳೂ ಮನೆಗೆ ಬಂದವು. ಅನಂತಮೂರ್ತಿ ಮಾಸ್ತರರು ತಾವೇ ಆಟೋದಲ್ಲಿ ತಂದು ನನ್ನ ಮೇಜಿನ ಮೇಲೆ ಇಟ್ಟು, ಹೊರಟವರು ಎರಡು ಸಲ ತಿರುಗಿ ಬಂದು ಮುಟ್ಟಿ ನೋಡಿ ಹೋದರು. ಸಿರಸಿಯ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸಿ ನಿವೃತ್ತರಾದವರು ಅವರು. ಅವರ ಮುತ್ತಜ್ಜ ಬೊಂಬಾಯಿ ಸರಕಾರದ ಕಾಲದಲ್ಲಿ ಕಾಡಿನ ಸಾಹೇಬನೊಬ್ಬನಿಗೆ ಗುಮಾಸ್ತರಾಗಿದ್ದರಂತೆ. ಸಾಹೇಬ ತನ್ನ ದೇಶಕ್ಕೆ ಹೊರಟಾಗ ಬಿಟ್ಟುಹೋದ ಪೆಟ್ಟಿಗೆಯಲ್ಲಿ ಈ ಚಿತ್ರಗಳು ಸಿಕ್ಕಿದ್ದು. ಒಂದೊಂದು ಹಾಳೆಯಲ್ಲಿ ಒಂದು ಪತಂಗ, ಅದರ ಹುಳು ತಿನ್ನುವ ಗಿಡದ ಒಂದು ಟೊಂಗೆ. ಮೂಲೆಯಲ್ಲಿ ಸಾಹೇಬನ ಪೆನ್ಸಿಲ್ ಬರಹದಲ್ಲಿ ಊರು, ತಿಂಗಳು, ಇಸವಿ. ಹೆಚ್ಚಿನವು 1874.

ಜನವರಿಯಲ್ಲಿ ಇವು ಪುಸ್ತಕವಾಗುತ್ತವೆ. ಅಷ್ಟರೊಳಗೆ ಕೊಳೆ ತೆಗೆದು, ಅರ್ಧಕ್ಕೆ ನಿಂತ ಗೆರೆ ಕೂಡಿಸಿ ಕೊಡುವುದು ನನ್ನ ಕೆಲಸ. ಪ್ರತಿ ಪತಂಗದ ಕೆಳರೆಕ್ಕೆಯ ಅಂಚಿನಲ್ಲಿ, ಎಡಬದಿಗೆ, ಗೆರೆ ಒಂದು ಅಕ್ಕಿಕಾಳಿನಷ್ಟು ಬಿಟ್ಟುಹೋಗಿದೆ. ಆ ಜಾಗದಲ್ಲೇ ಕೆಂಪು ಕೊಳೆ.

"ನೋಡಿ ಟೀಚರ್, ಇಪ್ಪತ್ನಾಲ್ಕರಲ್ಲೂ ಹೀಂಗೇ. ಸಾಹೇಬನಿಗೆ ಎಂತಾ ಗಡಿಬಿಡಿ ಆಗಿತ್ತೋ. ಇದನ್ನ ನೀವು ಕೂಡಿಸಿ ಕೊಟ್ರೆ ಪ್ರಿಂಟಿಗೆ ಚಂದ ಬರ್ತದೆ. ಒಳಪುಟದಲ್ಲಿ ನಿಮ್ಮ ಹೆಸರು ದೊಡ್ಡಕೇ ಹಾಕ್ತೆ" ಎಂದರು.

ಮೂಲ ಚಿತ್ರದ ಮೇಲೆ ಕೈಯಾಡಿಸಬಾರದು ಎಂದು ಧಾರವಾಡದಲ್ಲಿ ಕಲಿತವಳು ನಾನು. ಹೇಳಲಿಲ್ಲ. ಹದಿನಾರು ವರ್ಷ ಹೈಸ್ಕೂಲಿನಲ್ಲಿ ಹೂಕುಂಡ ಬರೆಸಿದ ಮೇಲೆ ಒಂದು ಪುಸ್ತಕದಲ್ಲಿ ಹೆಸರು ಬರುತ್ತದೆಂದರೆ ಯಾರು ಬೇಡವೆನ್ನುತ್ತಾರೆ? ನೀರಿಗೆ ಹೋಗುವ ಬಣ್ಣವನ್ನೇ ಹಾಕುತ್ತೇನೆ. ಹಳೆಯ ಗೆರೆ ಶಾಯಿಯದು, ಅದಕ್ಕೇನೂ ಆಗುವುದಿಲ್ಲ.

ಅವ್ವ ಒಳಮಂಚದಿಂದ ಎಲ್ಲ ನೋಡುತ್ತಿದ್ದಳು. ಲಕ್ವ ಹೊಡೆದು ಏಳು ತಿಂಗಳಾಯಿತು. ಬಲಗೈ ಬಲಗಾಲು ಹೋಗಿವೆ, ಮಾತಿನಲ್ಲಿ ಉಳಿದದ್ದು ಒಂದೇ. ಚಾ ಬೇಕಾ ಅವ್ವ ಎಂದರೂ "ಹೋತು", ಸೆಕೆಯಾ ಎಂದರೂ "ಹೋತು". ಹಗಲು ಹೊತ್ತು ನೋಡಿಕೊಳ್ಳಲು ಹಾನಗಲ್ ಕಡೆಯ ಪಾರ್ವತವ್ವ ಬರುತ್ತಾಳೆ.

ಬಣ್ಣದ ಟ್ಯೂಬಿಗೆ ಮುಚ್ಚಳ ತಿರುಗಿಸದೆ ಏಳುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಹನ್ನೆರಡೂ ಮುಚ್ಚಳ ನೋಡಿ, ಕಪಾಟಿಗೆ ಬೀಗ ಹಾಕಿ, ಕಿಟಕಿ ಎಳೆದುಕೊಂಡು ಇದನ್ನು ಬರೆಯುತ್ತಿದ್ದೇನೆ.

ಅಕ್ಟೋಬರ್ 9

ದಸರಾ ರಜೆ. ಇದನ್ನು ಯಾರೂ ಓದುವುದಿಲ್ಲವಾದ್ದರಿಂದ ನಿಜ ಬರೆಯಬಹುದು. ಆ ಗೆರೆ ಏಕೆ ಬಿಟ್ಟಿದೆ ಎಂದು ನನಗೆ ಗೊತ್ತು. ಮೊದಲ ಹಾಳೆ ಬಿಚ್ಚಿದಾಗಲೇ ಗೊತ್ತಾಗಿತ್ತು.

ನಿಲ್ಕುಂದದ ನಮ್ಮ ಮನೆಯಲ್ಲಿ ಮದುವೆಗೆ ಹಸೆಗೋಡೆ ಬರೆಯುವವಳು ಅವ್ವ. ದುರ್ಗಮ್ಮನ ಕೈ ಎಂದರೆ ಸಿದ್ದಾಪುರದ ಆಚೆಗೂ ಹೆಸರು. ಕೆಮ್ಮಣ್ಣು ಬಳಿದ ಗೋಡೆ, ಅಕ್ಕಿ ಅರೆದ ಬಿಳಿ, ಪುಂಡಿ ನಾರಿನ ಕುಂಚ. ಮದುಮಗನ ಲೆಕ್ಕಕ್ಕೆ ಒಂದು ಹಕ್ಕಿ ಬರೆಯುತ್ತಾಳೆ. ಆ ಹಕ್ಕಿಯ ಹೊಟ್ಟೆಯ ಕೆಳಗೆ ಗೆರೆ ಅಕ್ಕಿಕಾಳಿನಷ್ಟು ಬಿಡುತ್ತಾಳೆ. ಊರಿಗೆಲ್ಲ ಇರುವ ಪದ್ಧತಿಯೋ ನಮ್ಮ ಮನೆಯದಷ್ಟೋ ಗೊತ್ತಿಲ್ಲ. ಏಕೆ ಎಂದು ಅವ್ವ ಯಾವತ್ತೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಕುಂಚದಲ್ಲಿ ಬಣ್ಣ ಮುಗಿದಿರಬೇಕು ಎಂದುಕೊಂಡಿದ್ದೆ.

ಏಳು ವರ್ಷದ ಹಿಂದೆ ತಮ್ಮ ಉಲ್ಲಾಸನ ಮದುವೆಯ ಹಿಂದಿನ ದಿನ, ಫೋಟೋಕ್ಕೆ ಚಂದ ಕಾಣಲಿ ಎಂದು ನಾನು ಆ ಗೆರೆ ಕೂಡಿಸಿದೆ. ಶಾಲೆಯಿಂದ ತಂದ ಬಿಳಿ ಬಣ್ಣದಲ್ಲಿ, ಎರಡೇ ನಿಮಿಷದ ಕೆಲಸ. ಆರು ತಿಂಗಳಿಗೆ ಉಲ್ಲಾಸ ಅಂಕೋಲೆಗೆಂದು ಬೈಕಿನಲ್ಲಿ ಹೋದವನು ಅರಬೈಲ್ ಘಟ್ಟದಲ್ಲಿ ಲಾರಿಗೆ ಸಿಕ್ಕಿದ.

ಹನ್ನೊಂದರ ದಿನ ಸೋದರತ್ತೆ ಗೋಡೆ ನೋಡಿ ಎಲ್ಲರೆದುರು ಹೇಳಿದಳು. "ಹೊರಗೆ ಹೋದ ಗಂಡು ಒಳಗೆ ಬರೂಕೆ ಅಂತ ಬಿಡೂ ದಾರಿ ಅದು. ಯಾವ ಕೈ ಮುಚ್ಚಿತೋ ಏನೋ." ಅವ್ವ ಅಲ್ಲೇ ಕೂತಿದ್ದಳು. ಒಂದು ಮಾತೂ ಆಡಲಿಲ್ಲ. ಅವತ್ತಿನಿಂದ ಕುಂಚ ಮುಟ್ಟಲಿಲ್ಲ. ವರ್ಷ ವರ್ಷ ಗೋಡೆಗೆ ಹೊಸ ಕೆಮ್ಮಣ್ಣು ಬಳಿಯುವುದು ನಮ್ಮಲ್ಲಿ ರೂಢಿ. ಆ ಗೋಡೆಯನ್ನು ಮಾತ್ರ ಯಾರಿಗೂ ಮುಟ್ಟಗೊಡಲಿಲ್ಲ. ನನಗೆ ತೋರಿಸಲಿಕ್ಕೇ ಇಟ್ಟುಕೊಂಡಿದ್ದಾಳೆ. ನಾನು ಊರಿಗೆ ಹೋದಾಗಲೆಲ್ಲ ಆ ಗೋಡೆಗೆ ಬೆನ್ನು ಹಾಕಿ ಉಂಡು ಬಂದಿದ್ದೇನೆ. ಕಣ್ಣೆತ್ತಿ ಒಂದು ಸಲವೂ ನೋಡಿಲ್ಲ.

ಅವ್ವ ನನ್ನನ್ನೇ ಕಾರಣ ಎಂದುಕೊಂಡಿದ್ದಾಳೆಯೇ? ಮಾತಿದ್ದಾಗ ಕೇಳುವ ಧೈರ್ಯ ಆಗಲಿಲ್ಲ. ಈಗ ಕೇಳಿದರೆ "ಹೋತು" ಎನ್ನುತ್ತಾಳೆ.

ನಾನು ಇದನ್ನೆಲ್ಲ ನಂಬುವವಳಲ್ಲ. ಅದಕ್ಕೇ ಈ ಕೆಲಸ ಒಪ್ಪಿಕೊಂಡೆ. ಇಪ್ಪತ್ನಾಲ್ಕೂ ಗೆರೆ ಮುಚ್ಚುತ್ತೇನೆ. ಏನೂ ಆಗುವುದಿಲ್ಲ. ಏನೂ ಆಗದಿದ್ದರೆ, ಅವತ್ತೂ ನನ್ನ ಕೈಯಿಂದ ಏನೂ ಆಗಲಿಲ್ಲ ಎಂದಾಯಿತು.

ಅಕ್ಟೋಬರ್ 14

ಆರು ಹಾಳೆ ಆದವು. ಇವತ್ತಿನದು ಕಣಗಿಲೆ ಟೊಂಗೆಯ ಮೇಲಿನ ಹಸಿರು ಪತಂಗ. ಏನು ಕೈ! ಆ ಕಾಲದ ಇಂಥ ಚಿತ್ರಗಳಲ್ಲಿ ಪತಂಗವನ್ನು ಕೊಂದು, ಸೂಜಿ ಚುಚ್ಚಿ, ರೆಕ್ಕೆ ಹರಡಿ, ಆಮೇಲೆ ಗಿಡದ ಪಕ್ಕ ತಂದು ಅಂಟಿಸಿದ ಹಾಗೆ ಬರೆಯುತ್ತಿದ್ದರು. ಇಲ್ಲಿ ಹಾಗಿಲ್ಲ. ಬದುಕಿರುವ ಪತಂಗ ಹಗಲಲ್ಲಿ ಹೇಗೆ ಕೂರುತ್ತದೋ ಹಾಗೆ ಕೂತಿದೆ, ಮುಂಗಾಲು ತೊಟ್ಟಿಗೆ ಒತ್ತಿ, ಹೊಟ್ಟೆ ಚೂರು ಮೇಲೆತ್ತಿ. ಎದುರಿಗೆ ಇಟ್ಟುಕೊಂಡು, ಅದು ಹಾರಿಹೋಗುವುದರೊಳಗೆ ಬರೆದದ್ದು.

ಹಸಿರು, ನೀಲಿ ಎಲ್ಲ ಇಂಗ್ಲಿಷ್ ಬಣ್ಣದ ಪೆಟ್ಟಿಗೆಯವು. ಕೆಂಪು ಮಾತ್ರ ಅಲ್ಲಿಯದಲ್ಲ. ಒದ್ದೆ ಕುಂಚದ ತುದಿ ತಾಗಿಸಿ ನೋಡಿದೆ, ಕೆಮ್ಮಣ್ಣು. ಮೂಲೆಯಲ್ಲಿ ಸಾಹೇಬ ಬರೆದಿದ್ದಾನೆ: ನಿಲ್ಕುಂದ. ಆರರಲ್ಲಿ ನಾಲ್ಕರ ಮೇಲೆ ನಿಲ್ಕುಂದ ಎಂದೇ ಇದೆ.

ಇದು ಸಾಹೇಬನ ಕೈ ಅಲ್ಲ. ನಮ್ಮ ಕಡೆಯ ಹೆಂಗಸಿನ ಕೈ. ಯಾರ ಮನೆಯವಳೋ.

ಮಾಸ್ತರರಿಗೆ ಹೇಳಬೇಕು. ಹೇಳಿದರೆ, ಹಾಗಾದರೆ ಗೆರೆ ಬಿಟ್ಟದ್ದೇಕೆ ಎಂದು ಕೇಳುತ್ತಾರೆ. ಹೇಳುವುದಿಲ್ಲ. ಗೆರೆಯ ಹತ್ತಿರದ ಕೆಂಪು ಕೊಳೆಯನ್ನು ರಬ್ಬರಿನಿಂದ ಮೆಲ್ಲಗೆ ತೆಗೆದೆ. ಸುಲಭವಾಗಿ ಬಂತು.

ಅಕ್ಟೋಬರ್ 22

ಒಂಬತ್ತು. ಏನೂ ಆಗಿಲ್ಲ. ಅವ್ವ ಚೆನ್ನಾಗಿ ಉಂಡಳು, ನನಗೆ ನೆಗಡಿಯೂ ಇಲ್ಲ.

ಅಕ್ಟೋಬರ್ 26

ನಿನ್ನೆ ಶಾಲೆ ಶುರುವಾಯಿತು. ಸಂಜೆ ಬಂದು ನೋಡಿದರೆ ಒಣಗಲೆಂದು ಮೇಜಿನ ಮೇಲೆ ಬಿಟ್ಟಿದ್ದ ಹತ್ತನೆಯ ಹಾಳೆಯ ಗೆರೆ ತೆರೆದಿತ್ತು. ನಾನು ಹಾಕಿದ ಅಕ್ಕಿಕಾಳಿನಷ್ಟು ಮಾತ್ರ ಇಲ್ಲ. ಹಳೆಯ ಗೆರೆ ಹಾಗೇ ಇದೆ. ಬಣ್ಣ ನೀರಾಗಿತ್ತೇನೋ ಎಂದುಕೊಂಡು ಮತ್ತೆ ಹಾಕಿದೆ.

ಇವತ್ತು ಸಂಜೆ ಮತ್ತೆ ತೆರೆದಿದೆ. ಕಾಗದ ಮುಟ್ಟಿದರೆ ಅಲ್ಲಷ್ಟೇ ತಣ್ಣಗೆ.

ಅಕ್ಟೋಬರ್ 28

ಭೂಮಿ ಹುಣ್ಣಿಮೆ. ಊರಲ್ಲಿ ಇವತ್ತು ಬುಟ್ಟಿಗೆ ಚಿತ್ತಾರ ಬರೆದು ಗದ್ದೆಗೆ ಬುತ್ತಿ ಒಯ್ಯುತ್ತಾರೆ. ನಮ್ಮ ಮನೆಯ ಬುಟ್ಟಿಗೆ ಏಳು ವರ್ಷದಿಂದ ಚಿತ್ತಾರವಿಲ್ಲ. ಪಾಯಸ ಮಾಡಿ ಅವ್ವನಿಗೆ ತಿನ್ನಿಸಿದೆ. ಅವಳ ಕಣ್ಣು ನನ್ನ ಮೇಲಿರಲಿಲ್ಲ, ಮೇಜಿನ ಮೇಲಿತ್ತು.

ಕಪಾಟಿನೊಳಗೆ ಬೀಗ ಹಾಕಿಟ್ಟವುಗಳಲ್ಲೂ ಮೂರು ತೆರೆದಿವೆ. ಕೀಲಿಕೈ ಕನ್ನಡಿಯ ಪಕ್ಕದ ಮೊಳೆಗೆ ತೂಗಿದ್ದು ತೂಗಿದ ಹಾಗೇ ಇತ್ತು. ಪಾರ್ವತವ್ವನನ್ನು ಕರೆದು ಕೇಳಿದೆ. ಸ್ವಲ್ಪ ಜೋರಾಗಿಯೇ ಕೇಳಿದೆ.

"ನಾ ಮುಟ್ಟಿಲ್ರೀ ಅಕ್ಕಾ. ನಿಮ್ಮ ಪಾತರಗಿತ್ತಿ ಕಟಗೊಂಡು ನಾ ಏನ್ ಮಾಡ್ಲಿ? ಬೇಕಾದ್ರ ನಾಳಿಂದ ಬರಂಗಿಲ್ಲ, ಹೇಳಿಬಿಡ್ರಿ" ಎಂದಳು. ಕಣ್ಣಲ್ಲಿ ಕಣ್ಣಿಟ್ಟು ಹೇಳಿದಳು, ಸುಳ್ಳಲ್ಲ. ಹೋಗುವಾಗ "ಮುಂಜಾನೆ ನೀವು ಮುಂದಿನ ಬಾಗಲ ಹಾಕದಽ ಸಾಲಿಗೆ ಹೋಗಿದ್ರಿ, ಅದನ್ನೂ ನಾನಽ ಮಾಡೇನೇನ್ರಿ?" ಎಂದು ಕೇಳಿದಳು. ನನಗೆ ನೆನಪಿಲ್ಲ.

ಪಾರ್ವತವ್ವ ಅಲ್ಲ. ಅವ್ವ ಏಳಲಾರಳು. ಮತ್ತೆ ಯಾರು?

ನವೆಂಬರ್ 2

ಬೆಳಿಗ್ಗೆ ಕಿಟಕಿ ತೆರೆದೇ ಇತ್ತು. ಮೇಜಿನ ಬದಿಯ ಗೋಡೆಯ ಮೇಲೆ ತಿಳಿಹಸಿರು ಪತಂಗ, ಅಂಗೈಗಿಂತ ದೊಡ್ಡದು, ಕೆಳಗೆ ಎರಡು ಉದ್ದ ಬಾಲ. ಹನ್ನೆರಡನೆಯ ಹಾಳೆಯದೇ ಜಾತಿ. ಬಣ್ಣ ಹೋಲಿಸಿ ನೋಡಲು ಸಿಕ್ಕಿತಲ್ಲ ಎಂದು ಮೆಲ್ಲಗೆ ಹಿಡಿದು ಮೇಜಿನ ಮೇಲೆ ಬಿಟ್ಟು, ಊಟದ ಪಾತ್ರೆಗೆ ಮುಚ್ಚುವ ಬಲೆಯ ಬುಟ್ಟಿ ಕವುಚಿದೆ.

ಈ ಪತಂಗಕ್ಕೆ ಬಾಯಿಲ್ಲ. ಹುಳುವಾಗಿದ್ದಾಗ ತಿಂದದ್ದೇ ತಿಂದದ್ದು. ರೆಕ್ಕೆ ಬಂದ ಮೇಲೆ ಒಂದು ವಾರ, ಏನೂ ಉಣ್ಣದೆ, ಅಷ್ಟೇ. ಅವ್ವ ಮಂಚದಿಂದ ಬುಟ್ಟಿಯನ್ನೇ ನೋಡುತ್ತಿದ್ದಳು. "ಸಂಜಿಗೆ ಬಿಡ್ತೆ ಅವ್ವ" ಎಂದೆ. "ಹೋತು" ಎಂದಳು.

ಸಂಜೆ ಬಂದಾಗ ಬುಟ್ಟಿ ಮಗುಚಿ ಬಿದ್ದಿತ್ತು. ಪತಂಗ ಇರಲಿಲ್ಲ. ನಾನು ಪಾರ್ವತವ್ವನನ್ನು ಏನೂ ಕೇಳಲಿಲ್ಲ.

ನವೆಂಬರ್ 8

ಬೆಳಿಗ್ಗೆ ಶಾಲೆಗೆ ಹೊರಡುವ ಮುಂಚೆ ಭೂತಗನ್ನಡಿ ಹಿಡಿದು ಕೂತೆ. ನನ್ನ ಬಣ್ಣ ಹೋದ ಜಾಗದಲ್ಲಿ ಕಾಗದದ ಮೇಲೆ ಸಣ್ಣ ಸಣ್ಣ ಗೆರೆಗಳಿವೆ, ಒಂದರೊಳಗೊಂದು ಬಾಗಿದವು. ಹೆಬ್ಬೆರಳು. ಇನ್ನೂ ಮುಟ್ಟದ ಇಪ್ಪತ್ತನೆಯ ಹಾಳೆ ತೆಗೆದು ಅದರ ಕೆಂಪು ಕೊಳೆ ನೋಡಿದೆ. ಅಲ್ಲಿಯೂ ಅದೇ. ಕೊಳೆಯಲ್ಲ, ಕೆಮ್ಮಣ್ಣು ತಾಗಿದ ಹೆಬ್ಬೆರಳು. ಗೆರೆ ಬಿಟ್ಟು ಬರೆದದ್ದೂ ಅಲ್ಲ ಅದು. ಪೂರಾ ಬರೆದು, ಶಾಯಿ ಆರುವ ಮುಂಚೆ ಬೆರಳಿನಿಂದ ತೆರೆದದ್ದು. ಪೂರಾ ಬರೆ ಎಂದು ಸಾಹೇಬ ಗದರಿರಬೇಕು, ಅವನು ಅತ್ತ ಹೋದ ಮೇಲೆ ಇವಳು ತೆರೆದಿರಬೇಕು.

ಹೆಸರು ಬರೆಯಲು ಬಾರದವಳ ಗುರುತು ಅದೊಂದೇ. ನಾನು ಹದಿನಾರು ಹಾಳೆಗಳಿಂದ ಅದನ್ನು ರಬ್ಬರು ಹಾಕಿ ತಿಕ್ಕಿ ತೆಗೆದಿದ್ದೇನೆ. ಈಗ ಅವಳು ಬಂದು ತನ್ನ ಬೆರಳು ಹುಡುಕುತ್ತಿದ್ದಾಳೆ ಎಂದು ಅನ್ನಿಸಿತು. ಹಗಲು ಹನ್ನೊಂದು ಗಂಟೆಗೆ, ಶಾಲೆಯ ಸ್ಟಾಫ್ ರೂಮಿನಲ್ಲಿ, ಎಲ್ಲರ ನಡುವೆ ಕೂತಾಗಲೂ ಬೆನ್ನ ಹಿಂದೆ ಯಾರೋ ನಿಂತ ಹಾಗೆ. ತಿರುಗಿ ನೋಡುವುದಿಲ್ಲ ಎಂದು ಕೂತೆ. ತಿರುಗಿ ನೋಡಿದೆ.

ಮಧ್ಯಾಹ್ನ ಮಂಜ ಫೋನ್ ಮಾಡಿದ. ಚಿಕ್ಕಪ್ಪನ ಮಗ, ನಿಲ್ಕುಂದದ ಮನೆಯಲ್ಲಿ ಇರುವುದು ಅವನ ಸಂಸಾರವೇ. "ಅಕ್ಕಾ, ಗೋಡಿಗೆಲ್ಲ ಸಿಮೆಂಟ್ ಮಾಡ್ಸನ ಅಂತ. ಗಾರೆಯವ್ರು ತಿಂಗಳ ಕೊನಿಗೆ ಬರ್ತ್ರು. ಆ ಹಸೆಗೋಡಿ ಏನ್ ಮಾಡನೆ? ದೊಡ್ಡವ್ವ ಈಗ ಎಂತದೂ ಹೇಳೂಕಿಲ್ಲಲ" ಎಂದ.

"ಕೆರೆದು ಹಾಕು" ಎಂದೆ.

ಹೇಳಿದ ಕೂಡಲೇ ಎದೆ ಹಗುರಾಯಿತು. ಮನೆಗೆ ಬಂದು ಅವ್ವನಿಗೂ ಹೇಳಿದೆ, ಕಾಲು ಒತ್ತುತ್ತ, ಏನೋ ಸಣ್ಣ ಸುದ್ದಿ ಎನ್ನುವ ಹಾಗೆ. ಅವ್ವ ನನ್ನ ಕೈ ಕಿತ್ತು ದೂಡಿದಳು. ಮಲಗುವವರೆಗೂ "ಹೋತು, ಹೋತು, ಹೋತು" ಎನ್ನುತ್ತಲೇ ಇದ್ದಳು. ಇಷ್ಟು ಮಾತು ಅವಳು ಎಂಟು ತಿಂಗಳಲ್ಲಿ ಆಡಿರಲಿಲ್ಲ.

ಬಿಳಿ ಬಣ್ಣದ ಟ್ಯೂಬು ಮುಚ್ಚಳವಿಲ್ಲದೆ ಒಣಗಿ ಹೋಗಿದೆ. ಹೊಸದು ತರಬೇಕು.

ನವೆಂಬರ್ 19

ಉಲ್ಲಾಸ ಹೋದ ದಿನ. ಭಾನುವಾರ.

ಅಳುವುದಿಲ್ಲ ಎಂದುಕೊಂಡು ಅವನ ತಮಾಷೆಗಳನ್ನು ನೆನೆಸಿಕೊಂಡು ಕೂತೆ. ಹಲಸಿನ ಹಣ್ಣು ಹೆಚ್ಚಲು ಹೋಗಿ ಹೆಬ್ಬೆರಳಿಗೆ ಅಡ್ಡ ಕತ್ತಿ ಹಾಕಿಕೊಂಡಿದ್ದ. ಗಾಯ ಮಾಗಿದರೂ ಗೀರು ಉಳಿಯಿತು. ಆಧಾರ್ ಮಾಡಿಸಲು ಸಿದ್ದಾಪುರಕ್ಕೆ ಹೋದರೆ ಮೆಷಿನ್ನು ಅವನ ಹೆಬ್ಬೆರಳನ್ನು ಮೂರು ಸಲ ಒಪ್ಪಲಿಲ್ಲ. "ಅಕ್ಕಾ, ಸರ್ಕಾರದ ಲೆಕ್ಕದಾಗೆ ನಾ ಹುಟ್ಟೇ ಇಲ್ಲ" ಎಂದು ಊರೆಲ್ಲ ಹೇಳಿಕೊಂಡು ತಿರುಗಿದ್ದ. ಚಿಕ್ಕವನಿದ್ದಾಗ ನಾನು ಏನು ಒಡೆದರೂ ತಾನೇ ಒಡೆದೆ ಎನ್ನುತ್ತಿದ್ದ. ಪೆಟ್ಟು ತಿಂದು ಬಂದು ನನ್ನ ಹತ್ತಿರ ಪೆಪ್ಪರಮಿಂಟು ವಸೂಲು ಮಾಡುತ್ತಿದ್ದ.

ಹದಿನೇಳನೆಯ ಹಾಳೆಯನ್ನು ಇಷ್ಟು ದಿನ ಮುಂದೆ ಹಾಕುತ್ತ ಬಂದಿದ್ದೆ. ಅದರ ಮೂಲೆಯಲ್ಲಿ ಬರೆದದ್ದು ಅರಬೈಲ್, ನವೆಂಬರ್ 1874. ಮತ್ತಿ ಟೊಂಗೆಯ ಮೇಲೆ ಕಂದು ಪತಂಗ, ರೆಕ್ಕೆಗೊಂದರಂತೆ ನಾಲ್ಕು ಕಣ್ಣು. ಆ ಕಣ್ಣುಗಳು ಗಾಜಿನ ಹಾಗೆ, ಆಚೆಯದು ಕಾಣುತ್ತದೆ. ಬಣ್ಣವೇ ಹಾಕದೆ ಬರೀ ಕಾಗದ ಬಿಟ್ಟು ಅದನ್ನು ತೋರಿಸಿದ್ದಾಳೆ.

ಇವತ್ತೇ ಮುಚ್ಚಬೇಕು ಎನ್ನಿಸಿತು. ಮುಚ್ಚಿದೆ. ಆಮೇಲೆ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ.

ನವೆಂಬರ್ 21

ಅರಬೈಲ್ ತೆರೆದಿದೆ.

ಶಾಲೆ ಬಿಟ್ಟು ಮಾಸ್ತರರ ಮನೆಗೆ ಹೋದೆ, ಎಲ್ಲ ಹೇಳಿಬಿಡಬೇಕೆಂದು. ಅವರು ಮೊಮ್ಮಗಳಿಗೆ "ಅಭಿಜ್ಞಾ, ಟೀಚರಿಗೆ ಒಂದ್ ಲೋಟ ಕಷಾಯ ಮಾಡ್ಕ್ಯಂಡ್ ಬಾರೆ" ಎಂದು ಕೂಗಿ, ಒಳಪುಟದ ಮಾದರಿ ತೋರಿಸಿದರು. ಸಾಹೇಬನ ಹೆಸರು ಮೇಲೆ, ನನ್ನ ಹೆಸರು ಕೆಳಗೆ. ಹೇಳಲಾಗಲಿಲ್ಲ. ಕಷಾಯ ಕುಡಿದು ಎದ್ದೆ. "ಟೀಚರ್, ಬ್ಯಾಗಿನ ಜಿಪ್ಪು ತೆರೆದೇ ಇದ್ದು" ಎಂದರು. ಹಾಗೇ ಬಂದೆ.

ಹಾಲಿನ ಪಾತ್ರೆಗೆ ತಟ್ಟೆ ಮುಚ್ಚದೆ ಬೆಕ್ಕು ಕುಡಿದಿದೆ. ಈ ವಾರ ಎರಡನೆಯ ಸಲ.

ನವೆಂಬರ್ 25

ಶನಿವಾರ ಬೆಳಗಿನ ಶಾಲೆ. ಶನಿವಾರ ನಾನು ಅಲ್ಲಿಂದ ನೇರ ಮಾಸ್ತರರಲ್ಲಿ ಹೋಗಿ ಸಂಜೆ ಮನೆಗೆ ಬರುವುದು. ಇವತ್ತು ಅವರು ಯಲ್ಲಾಪುರಕ್ಕೆ ಮದುವೆಗೆ ಹೋಗಿದ್ದರು, ಮನೆಗೆ ಬೀಗ. ಹನ್ನೆರಡಕ್ಕೇ ಬಂದುಬಿಟ್ಟೆ.

ಪಾರ್ವತವ್ವ ಹೊಸಿಲ ಮೇಲೆ ಕೂತು ಹರಿವೆ ಸೊಪ್ಪು ಸೋಸುತ್ತಿದ್ದಳು. ನನ್ನನ್ನು ಕಂಡು ಏಳಲಿಲ್ಲ, ತುಟಿಯ ಮೇಲೆ ಬೆರಳಿಟ್ಟಳು.

ಒಳಗೆ ಅವ್ವ ನಿಂತಿದ್ದಳು.

ಮೇಜಿಗೆ ಸೊಂಟ ಆನಿಸಿ, ಬಲಗೈಯನ್ನು ಸೆರಗಿನಲ್ಲಿ ಕಟ್ಟಿಕೊಂಡು, ತನ್ನ ಕಾಲ ಮೇಲೆ ತಾನು ನಿಂತಿದ್ದಳು. ಕಪಾಟು ತೆರೆದಿತ್ತು. ಎಡಗೈ ಹೆಬ್ಬೆರಳನ್ನು ನಾಲಿಗೆಗೆ ತಾಗಿಸಿ, ಹಾಳೆಯ ಮೇಲಿಟ್ಟು, ಮಗುವಿನ ಕಣ್ಣಿನ ಗೀಜು ತೆಗೆಯುವಷ್ಟು ಮೆಲ್ಲಗೆ ನನ್ನ ಗೆರೆ ಒರೆಸಿದಳು. ಬಗ್ಗಿ ಊದಿದಳು. ಇನ್ನೊಂದು ಹಾಳೆ ಎಳೆದುಕೊಂಡಳು.

"ಈಗ ಒಂದ್ ತಿಂಗಳಾತ್ರಿ" ಎಂದು ಪಾರ್ವತವ್ವ ಪಿಸುಗುಟ್ಟಿದಳು. "ಮೊದಲ ಗ್ವಾಡಿ ಹಿಡಕೊಂಡು ಬಂದ್ರು. ನೀವು ಬರೂ ಹೊತ್ತಿಗೆ ಹೋಗಿ ಮಕ್ಕೊಂತಾರ್ರಿ. ಹೇಳಬ್ಯಾಡ ಅಂತ ಸನ್ನಿ ಮಾಡಿದ್ರು. ನಡಿಸ್ರಿ ಅಂತ ಡಾಕ್ಟರು ಬಡಕೊಂಡ್ರೂ ನಡೀಲಿಲ್ಲ, ಇದಕ್ಕರ ನಡೀತಾರಲ್ಲ ಅಂತ ನಾ ಸುಮ್ನಿದ್ದೆ. ಬೈಸಿಕೊಂಡ್ರೂ ಸುಮ್ನಿದ್ದೆ."

ಒಂದು ತಿಂಗಳಿಂದ ಸತ್ತವಳೊಬ್ಬಳಿಗೆ ಹೆದರುತ್ತಿದ್ದೆ. ಬದುಕಿರುವವಳು ನನ್ನ ಬೆನ್ನ ಹಿಂದೆ ಎದ್ದು ನಡೆಯುತ್ತಿದ್ದಳು, ಅದೂ ನಾನು ಮಾಡಿದ್ದನ್ನು ಅಳಿಸಲಿಕ್ಕೆ.

ಅವ್ವ ತಿರುಗಿ ನೋಡಿದಳು. ಸಿಕ್ಕಿಬಿದ್ದವಳ ಮುಖ ಅಲ್ಲ ಅದು. ಹೋಗಿ ಅವಳ ಕಾಲ ಬಳಿ ಕೂತೆ. ಏಳು ವರ್ಷ ಒಳಗೇ ಇಟ್ಟುಕೊಂಡದ್ದನ್ನು ಕೇಳಿಬಿಟ್ಟೆ.

"ಅವ್ವ, ಹಸೆಗೋಡಿ ಹಕ್ಕಿ ಮುಚ್ಚಿದ್ದು ನಾನೇಯ. ನಿಂಗೆ ಗೊತ್ತಿತ್ತ?"

ತಲೆ ಆಡಿಸಿದಳು. ಗೊತ್ತಿತ್ತು.

"ಅದ್ಕೇ ಅಂವ ಬರ್ಲಿಲ್ಲ ಅಂತ ನನ್ನ ಮ್ಯಾಲೆ ಸಿಟ್ಟ?"

ಅವ್ವ ನನ್ನ ಬಲಗೈ ಎಳೆದುಕೊಂಡು, ಹೆಬ್ಬೆರಳು ಬಿಡಿಸಿ ಹಿಡಿದು, ಅದರ ಮೇಲೆ ತನ್ನ ಉಗುರಿನಿಂದ ಅಡ್ಡ ಒಂದು ಗೀರು ಎಳೆದಳು. ನೋಯುವ ಹಾಗೆ ಎಳೆದಳು. "ಹೋತು" ಎಂದಳು. ಮತ್ತೆ ಅದೇ ಜಾಗದಲ್ಲಿ ಎಳೆದಳು.

ಈ ಬೆರಳು ಕತ್ತರಿಸಿ ಹಾಕಬೇಕು ಎನ್ನುತ್ತಿದ್ದಾಳೆ ಎಂದುಕೊಂಡೆ. ಕೇಳಿದ್ದಕ್ಕೆ ಉತ್ತರ ಸಿಕ್ಕಿತು. ಕಣ್ಣೊರೆಸಿಕೊಂಡು ಅವಳ ಪಕ್ಕ ನಿಂತು, ನನ್ನ ಹೆಬ್ಬೆರಳು ಒದ್ದೆ ಮಾಡಿಕೊಂಡು ಉಳಿದ ಗೆರೆಗಳನ್ನು ತೆರೆದೆ. ಅವಳೊಂದು, ನಾನೊಂದು. ಹದಿನೇಳೂ ತೆರೆದೆವು.

ಮಲಗಿಸುವಾಗ ಮತ್ತೆ ನನ್ನ ಹೆಬ್ಬೆರಳು ಹಿಡಿದು ಗೀರಿದಳು. ಆಮೇಲೆ ಕೈಯನ್ನು ಬಾಗಿಲಿನ ಕಡೆ ಚಾಚಿದಳು, ಹೋಗಬೇಕು ಎನ್ನುವ ಹಾಗೆ. ಊರಿಗಾ ಎಂದೆ. ಕಣ್ಣು ಮುಚ್ಚಿ ತೆರೆದಳು. ಆಗ ನನಗೆ ನೆನಪಾಯಿತು, ತಿಂಗಳ ಕೊನೆ. ಗಾರೆಯವರು. ಮಂಜನ ಫೋನು ಹತ್ತುತ್ತಿಲ್ಲ.

ನವೆಂಬರ್ 26

ಬೆಳಿಗ್ಗೆ ಏಳಕ್ಕೇ ಮಾಸ್ತರರಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಕೆಮ್ಮಣ್ಣು, ನಿಲ್ಕುಂದ, ಹೆಬ್ಬೆರಳು, ನಾನು ತಿಕ್ಕಿ ತೆಗೆದ ಹದಿನೇಳು, ಉಳಿದಿರುವ ಏಳು. "ಮೊದಲೇ ಹೇಳೂಕೆ ಎಂತ ಆಗಿತ್ತು ನಿಮಗೆ?" ಎಂದರು. ಒಳಪುಟದಿಂದ ನನ್ನ ಹೆಸರು ತೆಗೆಯಿರಿ, ಅಳಿಸಿದ್ದು ಯಾರು ಎಂದು ಬರೆಯುವಲ್ಲಿ ಮಾತ್ರ ಹಾಕಿ ಎಂದೆ. ಫೋನಿಟ್ಟರು.

ಬಾಡಿಗೆ ಕಾರಿನಲ್ಲಿ ಅವ್ವ, ಪಾರ್ವತವ್ವ, ನಾನು. ನಿಲ್ಕುಂದದ ಅಂಗಳದಲ್ಲಿ ಮರಳು ರಾಶಿ ಬಿದ್ದಿತ್ತು. ಒಳಗೆ ಕೆರೆಯುವ ಸದ್ದು. ನಾನು ಓಡಿದೆ. ಎರಡು ಗೋಡೆ ಕೆರೆದಾಗಿತ್ತು, ನೆಲದ ತುಂಬ ಕೆಂಪು ಪುಡಿ. ಹಸೆಗೋಡೆಗೆ ಒರಗಿಸಿದ ಭತ್ತದ ಚೀಲಗಳನ್ನು ಆಳು ಆಗಷ್ಟೇ ಎಳೆಯುತ್ತಿದ್ದ.

"ನಿಲ್ಸಾ!" ಎಂದು ಕೂಗಿದೆ.

"ಅಕ್ಕಾ, ನೀನೇ ಅಲ್ದ ಕೆರಿ ಅಂದದ್ದು?" ಎಂದು ಮಂಜ ಬಂದ. ನನ್ನ ಹಿಂದೆ ಅವ್ವ ಪಾರ್ವತವ್ವನ ಭುಜ ಹಿಡಿದು ಹೊಸಿಲು ದಾಟುತ್ತಿದ್ದುದು ಕಂಡು ಅವನೇ ಆಳನ್ನು ಆಚೆ ಸರಿಸಿದ.

ಏಳು ವರ್ಷದ ಮೇಲೆ ಆ ಗೋಡೆಗೆ ಮುಖ ಹಾಕಿ ನಿಂತೆ. ಮೊಬೈಲಿನ ಬೆಳಕು ಬಿಟ್ಟೆ. ಅವ್ವನ ಅಕ್ಕಿಬಿಳಿ ಮಾಸಿ ಹಳದಿಯಾಗಿದೆ. ಹಕ್ಕಿ ಇದೆ. ಅದರ ಹೊಟ್ಟೆಯ ಕೆಳಗೆ ನಾನು ಎಳೆದ ಗೆರೆ ಇನ್ನೂ ಬೆಳ್ಳಗೆ ಹೊಳೆಯುತ್ತಿರಬೇಕಿತ್ತು. ಇಲ್ಲ. ಅದರ ಮೇಲೆ ಹಸಿ ಕೆಮ್ಮಣ್ಣು ಅದ್ದಿದ ಹೆಬ್ಬೆರಳು ಒತ್ತಿ ಯಾರೋ ದಾರಿ ತೆರೆದಿದ್ದಾರೆ, ಅಂಚಿನಲ್ಲಿ ಮಾತ್ರ ನನ್ನ ಬಿಳಿ ಚೂರು ಇಣುಕುತ್ತದೆ. ಮಣ್ಣು ಒಣಗಿ ಬೆರಳಿನ ಗೆರೆಗಳೆಲ್ಲ ಹಾಗೇ ಕೂತಿವೆ. ಅವ್ವನ ಬೆರಳಿಗಿಂತ ದೊಡ್ಡದು. ನಡುವೆ, ಈ ಬದಿಯಿಂದ ಆ ಬದಿಗೆ, ಅಡ್ಡ ಒಂದು ಗೀರು.

ಮೆಷಿನ್ನು ಮೂರು ಸಲ ಒಪ್ಪದ ಬೆರಳು.

ನಾನು ಮುಚ್ಚಿದ್ದನ್ನು ಅವನು ನೋಡಿದ್ದ. ಮದುವೆಯ ಗದ್ದಲದಲ್ಲಿ, ಯಾರ ಕಣ್ಣಿಗಾದರೂ ಬಿದ್ದು ಅಕ್ಕನಿಗೆ ಮಾತು ಬರದಿರಲಿ ಎಂದು ತಾನೇ ಒತ್ತಿ ತೆರೆದಿದ್ದ. ಅವ್ವ ಅದನ್ನೂ ನೋಡಿದ್ದಳು. ಕೆಮ್ಮಣ್ಣಿನ ಮೇಲಿನ ಕೆಮ್ಮಣ್ಣು, ಸೋದರತ್ತೆ ಆ ಬೆರಳನ್ನು ಕಾಣಲಿಲ್ಲ, ಅಂಚಿನಲ್ಲಿ ಉಳಿದ ನನ್ನ ಬಿಳಿ ಮಾತ್ರ ಕಂಡಳು. ದಾರಿ ಆರು ತಿಂಗಳೂ ತೆರೆದೇ ಇತ್ತು. ಆದರೂ ಅವನು ಬರಲಿಲ್ಲ. ಎಲ್ಲ ಸರಿಯಾಗಿ ಮಾಡಿಯೂ ಮಗ ಬಾರದ ಮೇಲೆ ಇನ್ನೇನು ಬರೆಯಲಿ ಎಂದು ಅವ್ವ ಕುಂಚ ಇಟ್ಟುಬಿಟ್ಟಳು. ಗೋಡೆ ಉಳಿಸಿಕೊಂಡದ್ದು ನನಗೆ ತೋರಿಸಲಿಕ್ಕಲ್ಲ. ಅವನ ಬೆರಳು ಅದೊಂದೇ ಕಡೆ ಉಳಿದಿತ್ತು.

ಅದನ್ನು ನಾನು ಕೆರೆದು ಹಾಕು ಎಂದಿದ್ದೆ. ಕಾಲು ಒತ್ತುತ್ತ, ಸಣ್ಣ ಸುದ್ದಿಯ ಹಾಗೆ ಅವ್ವನಿಗೆ ಹೇಳಿದ್ದೆ.

ಅವ್ವನನ್ನು ಗೋಡೆಯ ಹತ್ತಿರ ಕೂರಿಸಿದೆವು. ಅವಳು ಆ ಗುರುತನ್ನು ಮುಟ್ಟಲಿಲ್ಲ, ಹತ್ತಿರ ಮುಖ ಇಟ್ಟು ನೋಡಿದಳು. ನಾನು ಅವಳ ಮಡಿಲಲ್ಲಿ ತಲೆ ಇಟ್ಟು ಅತ್ತೆ, ಮಂಜ, ಗಾರೆಯವರು, ಎಲ್ಲರೆದುರು. ಅವ್ವನ ಎಡಗೈ ನನ್ನ ಬೆನ್ನ ಮೇಲೆ ಇತ್ತು. "ಬಾಕಿ ಎಲ್ಲ ಮಾಡ್ಸು, ಇದೊಂದು ಬಿಡು" ಎಂದು ಮಂಜನಿಗೆ ಹೇಳಿದೆ. ಹೂಂ ಎಂದ.

ಹೊರಡುವಾಗ ಚೀಲಗಳನ್ನು ಆ ಗೋಡೆಯಿಂದ ದೂರ ಇಡಿಸಿದೆ. ಪುಡಿ ಹಾರದಿರಲೆಂದು ಕೋಣೆಯ ಬಾಗಿಲು ಎಳೆದು ಚಿಲಕ ಹಾಕಿದೆ. ಸರಿಯಾಗಿ ಕೂತಿದೆಯೇ ಎಂದು ಎರಡು ಸಲ ಜಗ್ಗಿ ನೋಡಿ ಕಾರು ಹತ್ತಿದೆ.